ಹಳೇ ಡೆಸ್ಕ್‌ಟಾಪ್ ಮಲಗಲ್ಲ, ಮಲಗಿದ್ರೆ ಏಳಲ್ಲ: ಸ್ಲೀಪ್ ಮೋಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಡಿಟಿಪಿ ಮಾಡುವ ಕಡೆ, ಹಾಲಿನ ಸೊಸೈಟಿಗಳಲ್ಲಿ ಎಂಟರಿಂದ ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಅವುಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇವೆ. ಉತ್ತರಗಳು ವಿಂಡೋಸ್ 7 ಮತ್ತು 10ಕ್ಕೆ ಹೊಂದುತ್ತವೆ. ಲಿನಕ್ಸ್ ಬಳಸುವವರಿಗೆ ಕೊನೆಯ ಕಡೆ ಒಂದು ಉತ್ತರವಿದೆ.

ಸ್ಲೀಪ್ ತೊಂದರೆ ಅಂದ ತಕ್ಷಣ "ಫಾರ್ಮ್ಯಾಟ್ ಹೊಡೆದುಬಿಡೋಣ" ಅನ್ನುವುದು ರೂಢಿ. ಅದಕ್ಕೆ ಒಪ್ಪಬೇಡಿ. ಈ ತೊಂದರೆ ಹೆಚ್ಚಾಗಿ ಇರುವುದು ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ, ಡ್ರೈವರ್‌ನಲ್ಲಿ (ಒಂದೊಂದು ಬಿಡಿಭಾಗವನ್ನೂ ವಿಂಡೋಸ್‌ಗೆ ಪರಿಚಯಿಸುವ ಪ್ರೋಗ್ರಾಂ) ಅಥವಾ ಪವರ್ ಸಪ್ಲೈನಲ್ಲಿ (ಕ್ಯಾಬಿನೆಟ್ ಒಳಗಿನ ವಿದ್ಯುತ್ ಪೆಟ್ಟಿಗೆ). ಮೊದಲನೆಯದನ್ನೂ ಮೂರನೆಯದನ್ನೂ ಫಾರ್ಮ್ಯಾಟ್ ಮುಟ್ಟುವುದೇ ಇಲ್ಲ. ಡ್ರೈವರ್ ವಿಷಯದಲ್ಲಂತೂ ಸರಿಯಾಗಿದ್ದದ್ದನ್ನೂ ಅಳಿಸಿಹಾಕುತ್ತದೆ.

ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. "ಪವರ್‌ಸಿಎಫ್‌ಜಿ" ಅಂದರೆ ಪವರ್ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಅಂಟಿಸಿದ ಒಂದೇ ಪದ. ಅದಾದ ಮೇಲೆ ಒಂದು ಸ್ಪೇಸ್, ಆಮೇಲೆ ಓರೆಗೆರೆ, ಅದಕ್ಕೆ ತಾಗಿಕೊಂಡು ಮುಂದಿನ ಪದ. ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಬಲ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಎಂದೇ ತೆರೆಯಬೇಕು.

## ಮೊದಲು ತಿಳಿಯಬೇಕಾದ್ದು

ಸ್ಲೀಪು, ಹೈಬರ್ನೇಟು, ಶಟ್‌ಡೌನು... ಮೂರಕ್ಕೂ ಏನ್ ಸಾರ್ ವ್ಯತ್ಯಾಸ?

ಸ್ಲೀಪ್‌ನಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ, ರ‍್ಯಾಮ್‌ಗೆ ಮಾತ್ರ ವಿದ್ಯುತ್ ಹರಿಯುತ್ತಿರುತ್ತದೆ. ತೆರೆದಿಟ್ಟ ಕೆಲಸವೆಲ್ಲ ರ‍್ಯಾಮ್‌ನಲ್ಲೇ ಉಳಿಯುವುದರಿಂದ ಎರಡು-ಮೂರು ಸೆಕೆಂಡಿಗೆ ಏಳುತ್ತದೆ. ಇದಕ್ಕೆ ಎಸ್3 ಎಂದು ಹೆಸರು. ಹೈಬರ್ನೇಟ್, ಅಂದರೆ ಎಸ್4, ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗುತ್ತದೆ. ಪ್ಲಗ್ ಕಿತ್ತರೂ ಕೆಲಸ ಹೋಗುವುದಿಲ್ಲ, ಆದರೆ ಏಳಲು ಹೆಚ್ಚು ಹೊತ್ತು ಬೇಕು. ಶಟ್‌ಡೌನ್ ಎಸ್5, ಎಲ್ಲವನ್ನೂ ಮುಚ್ಚಿ ಆಫ್.

ಹಳೇ ಬೋರ್ಡ್‌ಗಳಲ್ಲಿ ಎಸ್1 ಅಂತ ಇನ್ನೊಂದು ಉಂಟು. ಅದರಲ್ಲಿ ಪ್ರೊಸೆಸರ್ ಕೆಲಸ ನಿಲ್ಲಿಸಿದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಹೆಸರಿಗೆ ನಿದ್ದೆ, ಅಷ್ಟೆ.

ರಾತ್ರಿಯೆಲ್ಲ ಸ್ಲೀಪ್‌ಗೆ ಹಾಕಿ ಬಿಟ್ರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ?

ಲೆಕ್ಕ ಹಾಕಿ ನೋಡಿ. ಹಳೇ ಡೆಸ್ಕ್‌ಟಾಪ್ ಕೆಲಸವಿಲ್ಲದೆ ಸುಮ್ಮನೆ ಆನ್ ಇದ್ದರೆ 60 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 14 ಗಂಟೆ ಹಾಗೇ ಬಿಟ್ಟರೆ ತಿಂಗಳಿಗೆ 25 ಯೂನಿಟ್. ಅದೇ 14 ಗಂಟೆ ಎಸ್3 ಸ್ಲೀಪ್‌ನಲ್ಲಿ, 3 ವ್ಯಾಟ್ ಲೆಕ್ಕದಲ್ಲಿ, ತಿಂಗಳಿಗೆ ಒಂದೂಕಾಲು ಯೂನಿಟ್. ಗೃಹಜ್ಯೋತಿಯ ಮೇಲ್ಮಿತಿ 200 ಯೂನಿಟ್ ಆದರೂ ನಿಮ್ಮ ಮನೆಗೆ ನಿಗದಿಯಾದ ಅರ್ಹ ಯೂನಿಟ್ ಅದಕ್ಕಿಂತ ಕಡಿಮೆ ಇರಬಹುದು. ಅಂಥ ಮನೆಯಲ್ಲಿ ಈ 25 ಯೂನಿಟ್ ಸಣ್ಣದಲ್ಲ. ಅಂಗಡಿ ಮೀಟರಿಗೆ ಆ ಯೋಜನೆಯೇ ಇಲ್ಲ, ಪ್ರತಿ ಯೂನಿಟ್ಟೂ ಜೇಬಿಂದಲೇ.

ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದ್ರೆ ಟೈಪ್ ಮಾಡಿದ್ದೆಲ್ಲ ಹೋಗ್ಬಿಡುತ್ತಾ?

ಬರೀ ಎಸ್3 ಆಗಿದ್ದರೆ ಹೋಗುತ್ತದೆ. ಅದಕ್ಕೆಂದೇ ಹೈಬ್ರಿಡ್ ಸ್ಲೀಪ್ ಇರುವುದು: ಮಲಗುವ ಮೊದಲು ರ‍್ಯಾಮ್‌ನ ಒಂದು ನಕಲನ್ನು ಡಿಸ್ಕಿಗೂ ಬರೆದಿಡುತ್ತದೆ. ಕರೆಂಟ್ ಇದ್ದರೆ ರ‍್ಯಾಮ್‌ನಿಂದ ಬೇಗ ಏಳುತ್ತದೆ, ಹೋಗಿದ್ದರೆ ಡಿಸ್ಕಿನಿಂದ ನಿಧಾನವಾಗಿ ಏಳುತ್ತದೆ. ಹೇಳದೆ ಕೇಳದೆ ಕರೆಂಟ್ ಹೋಗುವ ಊರಲ್ಲಿ ಡೆಸ್ಕ್‌ಟಾಪ್‌ಗೆ ಇದು ಇರಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅಲ್ಲಿ "ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್", ಅದರೊಳಗೆ "ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್", ಅಲ್ಲಿ ಸ್ಲೀಪ್ ಅನ್ನುವುದನ್ನು ಬಿಡಿಸಿ "ಅಲೋ ಹೈಬ್ರಿಡ್ ಸ್ಲೀಪ್" ಆನ್ ಮಾಡಿ. ಆ ಸಾಲೇ ಇಲ್ಲದಿದ್ದರೆ ಸಿ ಡ್ರೈವ್‌ನಲ್ಲಿ ಜಾಗ ಉಳಿಸಲೆಂದು ಯಾರೋ ಹೈಬರ್ನೇಟ್ ತೆಗೆದಿರುತ್ತಾರೆ. "ಪವರ್‌ಸಿಎಫ್‌ಜಿ /ಎಚ್ ಆನ್" ಕೊಟ್ಟರೆ ವಾಪಸ್ ಬರುತ್ತದೆ. ಇದಕ್ಕೆ ಬೇಕಾಗುವ ಜಾಗ ವಿಂಡೋಸ್ 10ರಲ್ಲಿ ರ‍್ಯಾಮ್‌ನ ಶೇ. 40ರಷ್ಟು, ವಿಂಡೋಸ್ 7ರಲ್ಲಿ ಶೇ. 75ರಷ್ಟು. 4 ಜಿಬಿ ರ‍್ಯಾಮ್ ಇದ್ದರೆ ಒಂದೂವರೆಯಿಂದ 3 ಜಿಬಿ ಆಯಿತು.

ಇದು ಮಲಗಿದೆಯೋ, ಬರೀ ಸ್ಕ್ರೀನ್ ಆಫ್ ಆಗಿದೆಯೋ, ಹ್ಯಾಂಗ್ ಆಗಿದೆಯೋ ಗೊತ್ತೇ ಆಗಲ್ಲ.

ಕ್ಯಾಬಿನೆಟ್ ಹಿಂದೆ ಕೈ ಇಟ್ಟು ನೋಡಿ. ಪವರ್ ಸಪ್ಲೈ ಫ್ಯಾನ್‌ನಿಂದ ಗಾಳಿ ಬರುತ್ತಿಲ್ಲ, ಮುಂದಿನ ಪವರ್ ದೀಪ ಮಿನುಗುತ್ತಿದೆ ಅಥವಾ ಬಣ್ಣ ಬದಲಾಗಿದೆ ಅಂದರೆ ಮಲಗಿದೆ. ಗಾಳಿ ಬರುತ್ತಿದ್ದರೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ: ದೀಪ ಹತ್ತಿ ಆರಿದರೆ ಯಂತ್ರ ಎಚ್ಚರವಾಗಿದೆ, ಸ್ಕ್ರೀನ್ ಮಾತ್ರ ಇಲ್ಲ. ದೀಪವೂ ಅಲುಗಾಡದಿದ್ದರೆ ಹ್ಯಾಂಗ್. ಮುಂದಿನ ಉತ್ತರಗಳಿಗೆಲ್ಲ ಈ ಪರೀಕ್ಷೆಯೇ ಬುನಾದಿ.

## ಮಲಗೋದೇ ಇಲ್ಲ

ಫಾರ್ಮ್ಯಾಟ್ ಮಾಡಿಸ್ದಾಗಿಂದ ಸ್ಟಾರ್ಟ್ ಮೆನುವಿನಲ್ಲಿ ಸ್ಲೀಪ್ ಅನ್ನೋದೇ ಕಾಣೆಯಾಗಿದೆ.

ಗ್ರಾಫಿಕ್ಸ್ ಡ್ರೈವರ್ ಹಾಕದೆ ಕೊಟ್ಟಿದ್ದಾರೆ. ಯಂತ್ರದ ಬಿಡಿಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು "ಡಿಸ್‌ಪ್ಲೇ ಅಡಾಪ್ಟರ್ಸ್" ನೋಡಿ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಅದೇ ಕಾರಣ. ವಿಂಡೋಸ್ 7ರಲ್ಲಾದರೆ "ಸ್ಟ್ಯಾಂಡರ್ಡ್ ವಿಜಿಎ" ಅಂತಿರುತ್ತದೆ. ಈ ತಾತ್ಕಾಲಿಕ ಡ್ರೈವರ್‌ಗೆ ಸ್ಲೀಪ್ ಗೊತ್ತಿಲ್ಲ, ಹಾಗಾಗಿ ವಿಂಡೋಸ್ ಆ ಆಯ್ಕೆಯನ್ನೇ ತೆಗೆದುಬಿಡುತ್ತದೆ. ಅಕ್ಷರಗಳು ಉಬ್ಬಿದಂತೆ, ಸ್ಕ್ರೀನ್ ಎಳೆದಂತೆ ಕಾಣುವುದೂ ಇದರದೇ ಲಕ್ಷಣ.

ಖಚಿತ ಮಾಡಿಕೊಳ್ಳಲು "ಪವರ್‌ಸಿಎಫ್‌ಜಿ /ಎ" ಕೊಡಿ. ಯಾವ ಯಾವ ನಿದ್ದೆ ಲಭ್ಯ, ಯಾವುದು ಇಲ್ಲ, ಯಾಕೆ ಇಲ್ಲ ಎಂದು ಅದೇ ಹೇಳುತ್ತದೆ. ಕಾರಣದ ಜಾಗದಲ್ಲಿ ಗ್ರಾಫಿಕ್ಸ್ ಎಂದಿದ್ದರೆ ಮದರ್‌ಬೋರ್ಡ್ ಅಥವಾ ಕಾರ್ಡ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಿ. "ಫರ್ಮ್‌ವೇರ್ ಈ ಸ್ಥಿತಿಯನ್ನು ಬೆಂಬಲಿಸುವುದಿಲ್ಲ" ಎಂಬ ಅರ್ಥದ ಸಾಲು ಬಂದರೆ ತೊಂದರೆ ಬಯಾಸ್‌ನಲ್ಲಿದೆ.

ಅರ್ಧ ಗಂಟೆಗೆ ಮಲಗು ಅಂತ ಸೆಟ್ ಮಾಡಿದೀನಿ. ಬೆಳಗ್ಗೆ ಬಂದು ನೋಡಿದ್ರೆ ಎದ್ದೇ ಇರುತ್ತೆ!

ಯಾವುದೋ ಪ್ರೋಗ್ರಾಂ "ಮಲಗಬೇಡ" ಅಂತ ತಡೆದಿದೆ. ಮಲಗಬೇಕಾದ ಹೊತ್ತಿಗೆ "ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್" ಕೊಟ್ಟರೆ ಹೆಸರು ಸಮೇತ ಸಿಗುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವವು ಇವು: ನಿಲ್ಲಿಸದೆ ಬಿಟ್ಟ ಹಾಡು ಅಥವಾ ವಿಡಿಯೋ ಇರುವ ಬ್ರೌಸರ್ ಟ್ಯಾಬ್, ಅರ್ಧಕ್ಕೇ ನಿಂತ ಪ್ರಿಂಟ್, ಮುಗಿಯದ ಡೌನ್‌ಲೋಡ್, ಪಕ್ಕದ ಕಂಪ್ಯೂಟರಿನಿಂದ ಶೇರ್ ಫೋಲ್ಡರ್ ಮೂಲಕ ತೆರೆದಿಟ್ಟ ಫೈಲ್. ಡಿಟಿಪಿ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯದು. ಮುಂದಿನ ಕೋಣೆಯ ಯಂತ್ರದಲ್ಲಿ ಲಗ್ನಪತ್ರಿಕೆಯ ಫೈಲ್ ತೆರೆದೇ ಇರುತ್ತದೆ, ಹಿಂದಿನ ಯಂತ್ರಕ್ಕೆ ನಿದ್ದೆ ಇಲ್ಲ.

ಪಟ್ಟಿ ಖಾಲಿ ಬಂದರೂ ಮಲಗದಿದ್ದರೆ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ "ಮಲ್ಟಿಮೀಡಿಯಾ ಸೆಟ್ಟಿಂಗ್ಸ್", ಅದರಲ್ಲಿ "ವೆನ್ ಶೇರಿಂಗ್ ಮೀಡಿಯಾ" ಎಂಬುದನ್ನು "ಅಲೋ ದ ಕಂಪ್ಯೂಟರ್ ಟು ಸ್ಲೀಪ್"ಗೆ ಬದಲಿಸಿ. ಆಟದ ಜಾಯ್‌ಸ್ಟಿಕ್ ಚುಚ್ಚಿದ್ದರೆ ಕಿತ್ತು ನೋಡಿ. ಸವೆದ ಜಾಯ್‌ಸ್ಟಿಕ್ ಯಾರೋ ಕೈಯಾಡಿಸುತ್ತಿರುವಂತೆ ಸಂಕೇತ ಕಳಿಸುತ್ತಿರುತ್ತದೆ.

ಸ್ಕ್ರೀನ್ ಕಪ್ಪಾಗುತ್ತೆ, ಫ್ಯಾನ್ ಮಾತ್ರ ಗುಯ್ ಅಂತ ತಿರುಗ್ತಾನೇ ಇರುತ್ತೆ.

ಎರಡು ಸಾಧ್ಯತೆ. ಕೀ ಒತ್ತಿದ ಕೂಡಲೇ ಸ್ಕ್ರೀನ್ ಬಂದರೆ ಬಯಾಸ್ ಎಸ್1ಕ್ಕೆ ಸೆಟ್ ಆಗಿದೆ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ "ಎಸಿಪಿಐ ಸಸ್ಪೆಂಡ್ ಟೈಪ್" ಹುಡುಕಿ, ಎಸ್3 ಅಥವಾ ಎಸ್‌ಟಿಆರ್ ಆಯ್ಕೆ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಬಯಾಸ್ ಬ್ಯಾಟರಿ ಸತ್ತಿದ್ದರೆ ಈ ಸೆಟ್ಟಿಂಗ್ ಮತ್ತೆ ಹಳೇದಕ್ಕೇ ಹೋಗುತ್ತದೆ. ಆನ್ ಮಾಡಿದಾಗಲೆಲ್ಲ ತಾರೀಖು ತಪ್ಪು ತೋರಿಸುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ: ಸಿಆರ್2032, 3 ವೋಲ್ಟಿನ ನಾಣ್ಯದಾಕಾರದ್ದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಏನು ಒತ್ತಿದರೂ ಬರದಿದ್ದರೆ ಮಲಗುವ ದಾರಿಯಲ್ಲೇ ಸಿಕ್ಕಿಕೊಂಡಿದೆ. ಶಟ್‌ಡೌನ್ ಕೊಟ್ಟಾಗಲೂ ಫ್ಯಾನ್ ನಿಲ್ಲುತ್ತಿಲ್ಲವಾ? ಹಾಗಿದ್ದರೆ ಇಂಟೆಲ್ ಬೋರ್ಡ್‌ಗಳಲ್ಲಿ ಮೊದಲ ಅನುಮಾನ "ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್‌ಫೇಸ್" ಡ್ರೈವರ್ ಮೇಲೆ. ವಿಂಡೋಸ್ 7ರ ಕಾಲದ ಯಂತ್ರಕ್ಕೆ ವಿಂಡೋಸ್ 10 ಹಾಕಿದಾಗ ಅದು ತಾನಾಗಿಯೇ ಹೊಸ ಆವೃತ್ತಿ ತಂದು ಕೂರಿಸಿಕೊಳ್ಳುತ್ತದೆ, ಹಳೇ ಬೋರ್ಡಿಗೆ ಅದು ಒಗ್ಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ "ಸಿಸ್ಟಂ ಡಿವೈಸಸ್" ಕೆಳಗೆ ಅದನ್ನು ಹುಡುಕಿ "ರೋಲ್ ಬ್ಯಾಕ್ ಡ್ರೈವರ್" ಕೊಡಿ. ಅದು ಮಸುಕಾಗಿದ್ದರೆ ಬೋರ್ಡ್ ತಯಾರಕರ ಹಳೇ ಆವೃತ್ತಿಯನ್ನೇ ಇಳಿಸಿ ಹಾಕಿ.

## ಮಲಗಿದ್ದು ತಾನಾಗೇ ಎದ್ದುಬಿಡುತ್ತೆ

ಸ್ಲೀಪ್ ಕೊಟ್ಟು ಕುರ್ಚಿಯಿಂದ ಎದ್ದೇಳೋಷ್ಟರಲ್ಲಿ ಮತ್ತೆ ಆನ್ ಆಗಿರುತ್ತೆ.

ಮೌಸ್. ಆಪ್ಟಿಕಲ್ ಮೌಸ್ ಅಲುಗಾಡುವ ಮೇಜಿನ ಮೇಲಿದ್ದರೆ ಕುರ್ಚಿ ತಾಗಿದ ಅದುರಿಗೇ ಏಳುತ್ತದೆ. ಗಾಜಿನ ಮೇಜು, ಹೊಳೆಯುವ ರೆಕ್ಸಿನ್ ಇದ್ದರಂತೂ ಕೇಳುವುದೇ ಬೇಡ. ಒಮ್ಮೆ ಮೌಸನ್ನು ಬೋರಲು ಹಾಕಿ ಸ್ಲೀಪ್ ಕೊಟ್ಟು ನೋಡಿ. ಏಳದಿದ್ದರೆ ಕಳ್ಳ ಸಿಕ್ಕ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ "ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್" ಗುರುತು ತೆಗೆಯಿರಿ. ಏಳಿಸಲು ಕೀಬೋರ್ಡ್ ಸಾಕು.

ಮೌಸ್ ಅಲ್ಲದಿದ್ದರೆ ನೆಟ್‌ವರ್ಕ್ ಕಾರ್ಡ್. ಅದರ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ "ಓನ್ಲಿ ಅಲೋ ಎ ಮ್ಯಾಜಿಕ್ ಪ್ಯಾಕೆಟ್" ಗುರುತು ಹಾಕಿ. ಮ್ಯಾಜಿಕ್ ಪ್ಯಾಕೆಟ್ ಅಂದರೆ ಏಳಿಸಲೆಂದೇ ಕಳಿಸುವ ವಿಶೇಷ ಸಂಕೇತ. ಇಲ್ಲವಾದರೆ ರೌಟರ್ ಅಥವಾ ಪಕ್ಕದ ಯಂತ್ರ ಕಳಿಸುವ ಸಾಧಾರಣ ಸಂಕೇತಕ್ಕೂ ಅದು ಕಣ್ಣು ಬಿಡುತ್ತದೆ. ದೂರದಿಂದ ಏಳಿಸುವ ಅಗತ್ಯವೇ ಇಲ್ಲದಿದ್ದರೆ ಏಳಿಸುವ ಅನುಮತಿಯನ್ನೇ ತೆಗೆದುಬಿಡಿ.

ಊಹೆ ಬೇಡ ಅನ್ನುವವರಿಗೆ ಎರಡು ಕಮಾಂಡ್ ಇವೆ. "ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್" ಕಳೆದ ಬಾರಿ ಏಳಿಸಿದ್ದು ಯಾವುದು ಎಂದು ಹೇಳುತ್ತದೆ. "ಪವರ್‌ಸಿಎಫ್‌ಜಿ /ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್" ಏಳಿಸುವ ಅಧಿಕಾರ ಇರುವ ಎಲ್ಲದರ ಪಟ್ಟಿ ಕೊಡುತ್ತದೆ. ಅದರಲ್ಲಿ ವೇಕ್ ಮತ್ತು ಆರ್ಮ್ಡ್ ನಡುವೆ ಇರುವುದು ಅಡಿಗೆರೆ.

ಸರಿಯಾಗಿ ರಾತ್ರಿ ಎರಡು-ಮೂರು ಗಂಟೆಗೆ ತಾನಾಗೇ ಎದ್ದು ಕೂರುತ್ತೆ. ಮನೇಲಿ ಎಲ್ರೂ ಹೆದರ್ಕೊಂಡಿದಾರೆ.

ಗಾಳಿ ಸೋಕಿಲ್ಲ. ವಿಂಡೋಸ್ 10ರ ಆಟೊಮ್ಯಾಟಿಕ್ ಮೇಂಟೆನೆನ್ಸ್‌ಗೆ ಮೊದಲಿಂದ ನಿಗದಿಯಾಗಿರುವ ಹೊತ್ತು ರಾತ್ರಿ 2 ಗಂಟೆ. ವಿಂಡೋಸ್ 7ರಲ್ಲಿ ಅಪ್‌ಡೇಟ್‌ಗೆ ಮೊದಲಿಂದ ನಿಗದಿಯಾಗಿರುವ ಹೊತ್ತು 3 ಗಂಟೆ. ಕಂಟ್ರೋಲ್ ಪ್ಯಾನೆಲ್‌ನ "ಸೆಕ್ಯುರಿಟಿ ಆ್ಯಂಡ್ ಮೇಂಟೆನೆನ್ಸ್" ಒಳಗೆ ಆಟೊಮ್ಯಾಟಿಕ್ ಮೇಂಟೆನೆನ್ಸ್ ತೆರೆದು, ನಿಗದಿತ ಸಮಯಕ್ಕೆ ಕಂಪ್ಯೂಟರ್ ಏಳಿಸಬಹುದು ಎಂಬ ಗುರುತು ತೆಗೆಯಿರಿ. ಆಮೇಲೆ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನ ಸ್ಲೀಪ್ ಕೆಳಗೆ "ಅಲೋ ವೇಕ್ ಟೈಮರ್ಸ್" ಅನ್ನು ಡಿಸೇಬಲ್ ಮಾಡಿ. "ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ" ಸಾಲದು, ಅಪ್‌ಡೇಟ್ ತನ್ನನ್ನು ಮುಖ್ಯ ಅಂತಲೇ ಎಣಿಸಿಕೊಳ್ಳುತ್ತದೆ. "ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್" ಕೊಟ್ಟು ಇನ್ನೇನಾದರೂ ಕಾದು ಕೂತಿದೆಯಾ ನೋಡಿ.

ಇಷ್ಟಾದರೂ ದಿನಾ ಒಂದೇ ನಿಮಿಷಕ್ಕೆ ಎದ್ದರೆ ಬಯಾಸ್‌ನಲ್ಲಿ ಆರ್‌ಟಿಸಿ ಅಲಾರಂ (ಬೋರ್ಡ್‌ನ ಗಡಿಯಾರದ ಅಲಾರಂ) ಆನ್ ಇರುತ್ತದೆ.

ಕರೆಂಟ್ ಹೋಗಿ ಬಂದ್ ತಕ್ಷಣ ತಾನೇ ಆನ್ ಆಗುತ್ತೆ. ಯಾರೂ ಮುಟ್ಟಿರಲ್ಲ.

ಬಯಾಸ್‌ನಲ್ಲಿ "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಅನ್ನುವುದನ್ನು ಆಫ್ ಮಾಡಿ. ಮುಗಿಯಿತು.

## ಏಳೋದೇ ಇಲ್ಲ

ಕೀಬೋರ್ಡ್ ಎಷ್ಟು ಒತ್ತಿದ್ರೂ ಏಳಲ್ಲ. ಪವರ್ ಬಟನ್ ಒತ್ತಿದ್ರೆ ಏಳುತ್ತೆ.

ನಿದ್ದೆ ಸರಿಯಾಗಿಯೇ ಇದೆ, ಕೀಬೋರ್ಡಿಗೆ ಏಳಿಸುವ ಅಧಿಕಾರವಿಲ್ಲ ಅಷ್ಟೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡಿಗೆ ವೇಕ್ ಗುರುತು ಹಾಕಿ. ಬಯಾಸ್‌ನಲ್ಲಿ "ಯುಎಸ್‌ಬಿ ವೇಕ್ ಫ್ರಮ್ ಎಸ್3" ಇದ್ದರೆ ಆನ್ ಮಾಡಿ. ಕೀಬೋರ್ಡನ್ನು ಬೋರ್ಡ್‌ನ ಹಿಂಬದಿಯ ಯುಎಸ್‌ಬಿ 2 ಪೋರ್ಟಿಗೇ ಚುಚ್ಚಿ. ಆಮೇಲೆ ಸೇರಿಸಿದ ಯುಎಸ್‌ಬಿ ಕಾರ್ಡ್, ಹಬ್‌ಗಳು ಹಲವು ಸಲ ಏಳಿಸಲಾರವು.

ತೀರಾ ಹಳೇ ಬೋರ್ಡ್‌ಗಳಲ್ಲಿ ಯುಎಸ್‌ಬಿ ಮತ್ತು ಪಿಎಸ್2 ಪೋರ್ಟ್‌ಗಳ ಹತ್ತಿರ ಮೂರು ಪಿನ್‌ನ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಇರುತ್ತದೆ. ಒಂದು ಸ್ಥಾನ 5 ವೋಲ್ಟ್, ಇನ್ನೊಂದು ಸ್ಟ್ಯಾಂಡ್‌ಬೈ 5 ವೋಲ್ಟ್. ಮೊದಲ ಸ್ಥಾನದಲ್ಲಿದ್ದರೆ ಸ್ಲೀಪ್ ಆದ ಕೂಡಲೇ ಕೀಬೋರ್ಡಿಗೆ ವಿದ್ಯುತ್ತೇ ಹೋಗುವುದಿಲ್ಲ, ಎಷ್ಟು ಒತ್ತಿದರೇನು? ಬೋರ್ಡ್ ಮೇಲಿನ ಅಚ್ಚು ನೋಡಿಕೊಂಡು, ಪ್ಲಗ್ ಕಿತ್ತ ಮೇಲೆ ಸ್ಟ್ಯಾಂಡ್‌ಬೈ ಕಡೆಗೆ ಹಾಕಿ.

ಫ್ಯಾನ್ ತಿರುಗುತ್ತೆ, ದೀಪ ಬರುತ್ತೆ, ಸ್ಕ್ರೀನ್ ಮಾತ್ರ ಬರಲ್ಲ.

ಕ್ಯಾಪ್ಸ್ ಲಾಕ್ ಪರೀಕ್ಷೆ ಮಾಡಿ. ದೀಪ ಹತ್ತಿ ಆರುತ್ತಿದ್ದರೆ ಮೊದಲು ಮಾನಿಟರ್‌ನ ಪವರ್ ಬಟನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಇದ್ದರೆ ಅದನ್ನು ಕಿತ್ತು ನೇರ ಕೇಬಲ್ ಹಾಕಿ ನೋಡಿ, ಅಗ್ಗದ ಅಡಾಪ್ಟರ್‌ಗಳು ಮಲಗೆದ್ದ ಮೇಲೆ ಮಾನಿಟರನ್ನು ಗುರುತಿಸುವುದಿಲ್ಲ. ವಿಂಡೋಸ್ 10ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗಿ, ಬೀಪ್ ಬಂದು, ಸ್ಕ್ರೀನ್ ಬಂದರೆ ತಪ್ಪು ಡ್ರೈವರ್‌ದು. ಆಗ ಹೊಸದನ್ನು ಹುಡುಕಿಕೊಂಡು ಹೋಗಬೇಡಿ. ನಿಮ್ಮ ಹಳೇ ಕಾರ್ಡಿಗೆ ತಯಾರಕರು ಕೊಟ್ಟ ಕೊನೆಯ ಆವೃತ್ತಿ ಹಾಕಿ.

ಕ್ಯಾಪ್ಸ್ ಲಾಕ್ ದೀಪವೂ ಹತ್ತದಿದ್ದರೆ ಸ್ಕ್ರೀನ್ ಒಂದೇ ಅಲ್ಲ, ಯಂತ್ರವೇ ಎದ್ದಿಲ್ಲ. ಪವರ್ ಬಟನ್ ಐದಾರು ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ. ಬಯಾಸ್‌ನಲ್ಲಿ ರ‍್ಯಾಮ್ ವೇಗ, ಓವರ್‌ಕ್ಲಾಕ್, ಎಕ್ಸ್‌ಎಂಪಿ (ಎರಡೂ ವೇಗ ಹೆಚ್ಚಿಸುವ ಸೆಟ್ಟಿಂಗ್‌ಗಳು) ಏನಾದರೂ ಬದಲಾಗಿದ್ದರೆ ಡೀಫಾಲ್ಟ್‌ಗೆ ತನ್ನಿ. ದಿನವಿಡೀ ಚೆನ್ನಾಗಿ ಓಡುವ ರ‍್ಯಾಮ್ ಸ್ಲೀಪ್‌ನಿಂದ ಏಳುವ ಕ್ಷಣದಲ್ಲಿ ಎಡವಬಹುದು. ಎರಡು ರ‍್ಯಾಮ್ ಇದ್ದರೆ ಒಂದೊಂದೇ ಇಟ್ಟು ಪರೀಕ್ಷಿಸಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ಕನಿಷ್ಠ ಎರಡು ಸುತ್ತು ಓಡಲಿ, ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಬೇಡ.

ಆಯುಧಪೂಜೆಗೆ ಬಿಚ್ಚಿ ಒಳಗೆಲ್ಲ ಕ್ಲೀನ್ ಮಾಡಿದ್ವಿ. ಅಲ್ಲಿಂದ ಸ್ಲೀಪ್‌ನಿಂದ ಏಳ್ತಿಲ್ಲ.

ದಸರಾ ಮುಗಿದ ವಾರ ಈ ಪ್ರಶ್ನೆ ತಪ್ಪಿದ್ದಲ್ಲ. ಬ್ಲೋವರ್ ಹೊಡೆದಾಗ ರ‍್ಯಾಮ್ ಸ್ವಲ್ಪ ಸಡಿಲಾಗಿರುತ್ತದೆ, ಅಥವಾ ವಾಪಸ್ ಚುಚ್ಚುವಾಗ ಕೀಬೋರ್ಡ್ ಬೇರೆ ಪೋರ್ಟಿಗೆ ಹೋಗಿರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಇಳಿಸಿ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ರಬ್ಬರ್ ಪುಡಿ ಒರೆಸಿ, ಎರಡೂ ಬದಿಯ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಪವರ್ ಸಪ್ಲೈನಿಂದ ಬೋರ್ಡಿಗೆ ಬರುವ 24 ಪಿನ್‌ನ ದೊಡ್ಡ ಕನೆಕ್ಟರನ್ನೂ ಒಮ್ಮೆ ಒತ್ತಿ ನೋಡಿ.

ಅರಿಶಿನ-ಕುಂಕುಮ ಕ್ಯಾಬಿನೆಟ್ ಹೊರಮೈಗೆ ಇಟ್ಟರೆ ಸಾಕು. ಪವರ್ ಬಟನ್ ಮೇಲೆ ಇಟ್ಟ ಗಂಧ ಒಣಗಿ ಬಟನ್ ಒಳಗೇ ಅಂಟಿಕೊಂಡರೆ, ಎದ್ದ ಯಂತ್ರ ನಾಲ್ಕೇ ಸೆಕೆಂಡಿಗೆ ಮತ್ತೆ ಆಫ್ ಆಗುತ್ತದೆ. ಆಲೆಮನೆ ಹತ್ತಿರದ ಅಂಗಡಿಗಳಲ್ಲಿ ಧೂಳಿಗೆ ಜಿಡ್ಡುಮಸಿಯೂ ಸೇರಿರುತ್ತದೆ, ಬರೀ ಬ್ಲೋವರ್‌ಗೆ ಬಿಡುವುದಿಲ್ಲ. ಒಣ ಬ್ರಷ್ ಬೇಕು.

ಎದ್ದ ಮೇಲೆ ಹೆಬ್ಬೆಟ್ಟು ಒತ್ತೋ ಫಿಂಗರ್‌ಪ್ರಿಂಟ್ ಯಂತ್ರ ಸಿಗಲ್ಲ. ಕಿತ್ತು ಚುಚ್ಚಿದ್ರೆ ಸರಿಹೋಗುತ್ತೆ. ಕ್ಯೂ ನಿಂತಿರ್ತಾರೆ.

ಗ್ರಾಮ ಒನ್‌ನಂಥ ಸೇವಾ ಕೇಂದ್ರಗಳವರು ಇದನ್ನು ಹೆಚ್ಚು ಕೇಳುತ್ತಾರೆ. ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್" ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರ್‌ನ ಪ್ರತಿ "ಯುಎಸ್‌ಬಿ ರೂಟ್ ಹಬ್"ನಲ್ಲಿ "ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್" ಗುರುತು ತೆಗೆಯಿರಿ. ಆಮೇಲೂ ಹಾಗೇ ಆದರೆ ಆ ಯಂತ್ರದ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಅದರ ಪ್ರೋಗ್ರಾಂ) ನಿದ್ದೆಯಲ್ಲಿ ಕಡಿದುಹೋಗುತ್ತಿದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, "ಸರ್ವಿಸಸ್ ಡಾಟ್ ಎಂಎಸ್‌ಸಿ" ತೆರೆದು ಅದರ ಹೆಸರಿನ ಮೇಲೆ ರೀಸ್ಟಾರ್ಟ್ ಕೊಟ್ಟರೆ ಕಿತ್ತು ಚುಚ್ಚುವ ಕೆಲಸ ತಪ್ಪುತ್ತದೆ.

ಯುಪಿಎಸ್ ಇದೆ. ಆದ್ರೂ ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದ್ರೆ ಎಲ್ಲ ಹೋಗುತ್ತಲ್ಲ, ಯಾಕೆ?

ಕೆಲವು ಯುಪಿಎಸ್‌ಗಳು ಬ್ಯಾಟರಿಯಲ್ಲಿರುವಾಗ ಲೋಡ್ ತೀರಾ ಕಡಿಮೆ ಇದ್ದರೆ ಯಾರೂ ಬಳಸುತ್ತಿಲ್ಲ ಎಂದುಕೊಂಡು ತಾವೇ ಆಫ್ ಆಗುತ್ತವೆ. ಮಲಗಿದ ಕಂಪ್ಯೂಟರ್ ಎಳೆಯುವುದು ಮೂರ್ನಾಲ್ಕು ವ್ಯಾಟ್. ಯುಪಿಎಸ್ ಕಣ್ಣಿಗೆ ಅದು ಖಾಲಿ. ಇನ್ನೊಂದು ವಿಷಯ: ಬ್ಯಾಟರಿ ಮುಗಿಯುತ್ತಿದೆ ಎಂದು ಯುಪಿಎಸ್ ಕೂಗಿದರೂ ಮಲಗಿದ ಕಂಪ್ಯೂಟರ್‌ಗೆ ಕೇಳಿಸುವುದಿಲ್ಲ. ಹೈಬ್ರಿಡ್ ಸ್ಲೀಪ್ ಆನ್ ಇಟ್ಟರೆ ಎರಡಕ್ಕೂ ಪರಿಹಾರವಾಯಿತು.

ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಸಾಧಾರಣ ಮೋಡ್‌ನಲ್ಲಿ ಕರೆಂಟ್‌ನಿಂದ ಬ್ಯಾಟರಿಗೆ ದಾಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಪವರ್ ಸಪ್ಲೈ ಪೂರ್ತಿ ಲೋಡ್‌ನಲ್ಲಿ ತಡೆದುಕೊಳ್ಳುವುದು 16-17 ಮಿಲಿಸೆಕೆಂಡ್ ಮಾತ್ರ, ಹಳೇದಾದರೆ ಅಷ್ಟೂ ಇಲ್ಲ.

## ಒಳಗೆ ಕೈ ಹಾಕುವ ಧೈರ್ಯ ಇರುವವರಿಗೆ

ಏಳ್ಸಿದ್ರೆ ಮೊದ್ಲಿಂದ ಬೂಟ್ ಆಗುತ್ತೆ, ಕಂಪನಿ ಲೋಗೋ ಬರುತ್ತೆ. ಫಾರ್ಮ್ಯಾಟ್ ಎರಡ್ ಸಲ ಆಯ್ತು.

ಮೂರನೇ ಸಲ ಮಾಡಿಸಿದರೂ ಹೀಗೇ ಆಗುತ್ತದೆ. ಏಳುವಾಗ ತಯಾರಕರ ಲೋಗೋ ಬಂತು ಅಂದರೆ ರ‍್ಯಾಮ್‌ನಲ್ಲಿ ಉಳಿದಿದ್ದದ್ದು ಹಾರಿಹೋಗಿದೆ ಎಂದೇ ಅರ್ಥ. ಲೋಗೋ ಆದ ಮೇಲೆ "ರೆಸ್ಯೂಮಿಂಗ್ ವಿಂಡೋಸ್" ಬಂದು ಕೆಲಸ ಉಳಿದಿದ್ದರೆ ಹೈಬ್ರಿಡ್ ಸ್ಲೀಪ್ ನಿಮ್ಮನ್ನು ಕಾಪಾಡಿದೆ, ರೋಗ ಹಾಗೇ ಇದೆ.

ಮಲಗಿದಾಗ ರ‍್ಯಾಮ್‌ಗೆ ವಿದ್ಯುತ್ ಬರುವುದು ಪವರ್ ಸಪ್ಲೈನ ಸ್ಟ್ಯಾಂಡ್‌ಬೈ 5 ವೋಲ್ಟ್ ಲೈನಿನಿಂದ. 24 ಪಿನ್ ಕನೆಕ್ಟರ್‌ನ 9ನೇ ಪಿನ್, ನೇರಳೆ ವೈರ್. ಇದರ ಸಾಮರ್ಥ್ಯ ಸಾಮಾನ್ಯವಾಗಿ 2ರಿಂದ 2.5 ಆಂಪಿಯರ್. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ, ಕಂಪ್ಯೂಟರ್ ಆಫ್ ಇದ್ದರೂ, ಈ ಭಾಗ ಮಾತ್ರ ದುಡಿಯುತ್ತಲೇ ಇರುತ್ತದೆ. ಹತ್ತು ವರ್ಷ ಬಿಡುವಿಲ್ಲದೆ ಬಿಸಿಯುಂಡ ಅದರ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳು) ಮೊದಲು ಸೊರಗುತ್ತವೆ. ಯಂತ್ರ ಎದ್ದು ಓಡುವಾಗ ಬೇರೆ ಲೈನ್‌ಗಳು ಭಾರ ಹೊರುವುದರಿಂದ ಹಗಲೆಲ್ಲ ಏನೂ ಗೊತ್ತಾಗುವುದಿಲ್ಲ. ಮಲಗುವ, ಏಳುವ ಕ್ಷಣಗಳಲ್ಲೇ ವೋಲ್ಟೇಜ್ ಕುಸಿದು ರ‍್ಯಾಮ್ ಮರೆಯುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಕೀಬೋರ್ಡ್ ಒಂದನ್ನು ಬಿಟ್ಟು ಎಲ್ಲ ಯುಎಸ್‌ಬಿಯನ್ನೂ ಕಿತ್ತು ಸ್ಲೀಪ್ ಕೊಟ್ಟು ಏಳಿಸಿ. ಸರಿಯಾಗಿ ಎದ್ದರೆ ಲೈನ್ ಬಲಹೀನವಾಗಿದೆ. ಯುಎಸ್‌ಬಿಯಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ ಸ್ಲೀಪ್ ಕೊಡುವ ಅಭ್ಯಾಸವಿದ್ದರೆ ಅದೊಂದೇ ಅರ್ಧ ಆಂಪಿಯರ್ ತಿನ್ನುತ್ತದೆ.

ಆಮೇಲೆ ಮಲ್ಟಿಮೀಟರ್:

1. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಪ್ಲಗ್ ಹಾಕಿರಲಿ, ಕಂಪ್ಯೂಟರ್ ಆಫ್ ಇರಲಿ.
2. ಕಪ್ಪು ಮೊನೆಯನ್ನು ಯಾವುದಾದರೂ ಕಪ್ಪು ವೈರ್‌ಗೆ, ಕೆಂಪು ಮೊನೆಯನ್ನು ನೇರಳೆ ವೈರ್‌ಗೆ, ಕನೆಕ್ಟರ್ ಹಿಂದಿನಿಂದ ತಾಗಿಸಿ. ಪಕ್ಕದ ಪಿನ್‌ಗೆ ಜಾರದಂತೆ ನೋಡಿಕೊಳ್ಳಿ.
3. 4.75ರಿಂದ 5.25ರ ಒಳಗಿರಬೇಕು.
4. ಮೊನೆ ಹಾಗೇ ಹಿಡಿದು ಯಾರಿಂದಲಾದರೂ ಆನ್ ಮಾಡಿಸಿ, ಸ್ಲೀಪ್ ಕೊಡಿಸಿ, ಏಳಿಸಿ. ಯಾವ ಹಂತದಲ್ಲಾದರೂ 4.75ಕ್ಕಿಂತ ಇಳಿದರೆ ಪವರ್ ಸಪ್ಲೈ ಬದಲಿಸುವ ಕಾಲ ಬಂದಿದೆ.

ಮೀಟರ್ ಸರಿ ತೋರಿಸಿದರೂ ಸಂಶಯ ಪೂರ್ತಿ ಹೋಗುವುದಿಲ್ಲ, ಕ್ಷಣಮಾತ್ರದ ಕುಸಿತ ಸಾದಾ ಮೀಟರ್‌ಗೆ ಕಾಣದು. ಗೆಳೆಯರದೋ ಅಂಗಡಿಯದೋ ಪವರ್ ಸಪ್ಲೈ ಒಂದು ದಿನಕ್ಕೆ ಹಾಕಿ ನೋಡುವುದೇ ಪಕ್ಕಾ ಪರೀಕ್ಷೆ.

ಪವರ್ ಸಪ್ಲೈ ಬಿಚ್ಚಿ ಕೆಪಾಸಿಟರ್ ನಾನೇ ಬದಲಾಯಿಸ್ಬಹುದಾ?

ಬೇಡ. 230 ವೋಲ್ಟ್ ಎಸಿ ಒಳಗೆ ಡಿಸಿ ಆಗಿ 325 ವೋಲ್ಟ್‌ನಷ್ಟಾಗುತ್ತದೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಟಿವಿ ರಿಪೇರಿಯಲ್ಲಿ ಪಳಗಿದವರಿಗೆ ಕೊಡಿ, ಇಲ್ಲವೇ ಹೊಸದು ಹಾಕಿಸಿ.

ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳನ್ನು ಕಣ್ಣಲ್ಲೇ ನೋಡಬಹುದು. ತಲೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಕೆಟ್ಟಿದೆ. 2000ರ ದಶಕದ ಮೊದಲರ್ಧದ ಬೋರ್ಡ್‌ಗಳಲ್ಲಿ ಇದು ದೊಡ್ಡ ಪಿಡುಗಾಗಿತ್ತು. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವ) ಜಾತಿಯದೇ ಆಗಬೇಕು. ರೇಡಿಯೋಗೆ ಹಾಕುವ ಸಾದಾ 85 ಡಿಗ್ರಿಯದು ಹಾಕಿದರೆ ಸ್ವಲ್ಪ ದಿನಕ್ಕೇ ಮತ್ತೆ ಅದೇ ಕಥೆ.

ಏನಾಯ್ತು ಅಂತ ದಾಖಲೆ ಎಲ್ಲಾದ್ರೂ ಸಿಗುತ್ತಾ?

ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಸಿಸ್ಟಂ ನೋಡಿ. "ಪವರ್ ಟ್ರಬಲ್‌ಶೂಟರ್" ಹೆಸರಿನ 1ನೇ ನಂಬರಿನ ಇವೆಂಟ್‌ನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಏಳಿಸಿದ ಸಾಧನ ಇರುತ್ತವೆ. "ಕರ್ನಲ್ ಪವರ್" 42 ಅಂದರೆ ಮಲಗಲು ಹೊರಟಿತು. 41 ಅಂದರೆ ಸರಿಯಾಗಿ ಆಫ್ ಆಗದೆ ಮತ್ತೆ ಬೂಟ್ ಆಯಿತು. 42 ಬಂದು, ಎದ್ದ ದಾಖಲೆಯೇ ಇಲ್ಲದೆ ನೇರ 41 ಬಂದಿದ್ದರೆ ಏಳುವಾಗ ಸತ್ತಿದೆ. ರಿಪೇರಿಗೆ ಒಯ್ಯುವಾಗ ಈ ಪುಟದ ಫೋಟೋ ತೋರಿಸಿ, ಫಾರ್ಮ್ಯಾಟ್ ಮಾತು ಬೇಗ ನಿಲ್ಲುತ್ತದೆ.

ಉಬುಂಟು ಲಿನಕ್ಸ್ ಹಾಕಿದೀವಿ. ಅದರಲ್ಲೂ ಹೀಗೇ.

ಸಿಸ್ ಫೋಲ್ಡರ್ ಒಳಗಿನ ಪವರ್ ಫೋಲ್ಡರ್‌ನಲ್ಲಿ "ಮೆಮ್_ಸ್ಲೀಪ್" ಎಂಬ ಕಡತ ತೆರೆಯಿರಿ. ಚೌಕ ಆವರಣದೊಳಗೆ "ಡೀಪ್" ಇದ್ದರೆ ಎಸ್3 ನಡೆಯುತ್ತಿದೆ. "ಎಸ್2ಐಡಲ್" ಆವರಣದಲ್ಲಿದ್ದರೆ ಹಗುರ ನಿದ್ದೆ. ಎನ್ವಿಡಿಯಾ ಹಳೇ ಕಾರ್ಡ್ ಇದ್ದು ಏಳುವಾಗ ಸ್ಕ್ರೀನ್ ಬರದಿದ್ದರೆ ಉಬುಂಟು ಜೊತೆಗೇ ಬರುವ ನೂವೋ ಡ್ರೈವರ್‌ನಿಂದ ಎನ್ವಿಡಿಯಾದ್ದಕ್ಕೆ, ಅಥವಾ ಅದರಿಂದ ಇದಕ್ಕೆ ಬದಲಿಸಿ ನೋಡಿ. ಬೋರ್ಡ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದಿಟ್ಟು ಅದರಲ್ಲೇ ಓಡಿಸುವುದು ಎಲ್ಲಕ್ಕಿಂತ ಸುಲಭ.

ಇಷ್ಟೆಲ್ಲ ತಲೆನೋವ್ಯಾಕೆ, ಸ್ಲೀಪೇ ಬೇಡ ಅಂದ್ಬಿಟ್ರೆ?

ತಪ್ಪಿಲ್ಲ. ಪವರ್ ಸಪ್ಲೈ ಬದಲಿಸುವಷ್ಟು ಬೆಲೆ ಆ ಯಂತ್ರಕ್ಕೆ ಇಲ್ಲದಿದ್ದರೆ ಹೈಬರ್ನೇಟ್ ಬಳಸಿ. ಅದಕ್ಕೆ ರ‍್ಯಾಮ್ ವಿದ್ಯುತ್ತೂ ಬೇಡ, ಸ್ಟ್ಯಾಂಡ್‌ಬೈ ಲೈನಿನ ಬಲವೂ ಅಷ್ಟಾಗಿ ಬೇಡ. ಪವರ್ ಆಪ್ಷನ್ಸ್‌ನ "ಚೂಸ್ ವಾಟ್ ದ ಪವರ್ ಬಟನ್ ಡಸ್" ಪುಟದಲ್ಲಿ ಪವರ್ ಬಟನ್‌ಗೆ ಹೈಬರ್ನೇಟ್ ಕೊಟ್ಟುಬಿಡಿ, ಮನೆಯವರಿಗೆ ಹೇಳಿಕೊಡುವುದೂ ಸುಲಭ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಏಳಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿದರೆ ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಆ ಕಾಯುವಿಕೆ ಬಹಳಷ್ಟು ತಗ್ಗುತ್ತದೆ. ದಸರಾ ರಜೆಗೆ ಹತ್ತು ದಿನ ಊರಿಗೆ ಹೋಗುವವರು ಮಾತ್ರ ಸ್ಲೀಪೂ ಬೇಡ, ಹೈಬರ್ನೇಟೂ ಬೇಡ: ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಟ್ಟು ಹೋಗಿ.